ನೀಲಿ ಬಾವಿಯ ಹುಡುಗಿ ಮತ್ತು ನಂಬರು ಹಾಕುತ್ತಿದ್ದ ನಾನು

ನನ್ನ ಪುಸ್ತಕದ ಹುಡುಗಿಗೆ ಹದಿಮೂರು ವರ್ಷ. ಅವಳ ಊರಲ್ಲಿ ಹದಿಮೂರು ತುಂಬಿದ ಮಕ್ಕಳನ್ನೆಲ್ಲ ಒಂದು ನೀಲಿ ಬಾವಿಯಲ್ಲಿ ಮುಳುಗಿಸಿ ಎತ್ತುತ್ತಾರೆ. ಮೈಗೆ ಹತ್ತಿದ ನೀಲಿ ಮನೆಯವರ ನೀಲಿಗೆ ಹೊಂದಿದರೆ ಸರಿ, ಹೊಂದದಿದ್ದರೆ ಕೋಟೆಯ ಹೊರಗೆ ದಬ್ಬುತ್ತಾರೆ. ಹೊರಗೆ ಹೋಗುವ ಬಾಗಿಲಲ್ಲಿ ಒಬ್ಬ ಕಾವಲುಗಾರ ಕೂತಿರುತ್ತಾನೆ. ಅವನ ಮುಂದೆ ಸುಳ್ಳು ಹೇಳಿದವರು ಸುಮ್ಮನೆ ದಾಟಿಹೋಗಬಹುದು. ನಿಜ ಹೇಳಿದವರು ಒಂದು ಬೆರಳು ಕೊಡಬೇಕು. ನನ್ನ ಹುಡುಗಿ ಎರಡು ಬೆರಳು ಕೊಟ್ಟು ಹೋಗುತ್ತಾಳೆ, ಒಂದು ತನ್ನ ನಿಜಕ್ಕೆ, ಇನ್ನೊಂದು ಗೆಳತಿಯ ಮೇಲೆ ಬಿದ್ದ ಅಪವಾದ ತೊಳೆಯಲಿಕ್ಕೆ. ಮಕ್ಕಳಿಗೆ ಈ ಜಾಗ ಬಹಳ ಇಷ್ಟವಂತೆ. ಪುಸ್ತಕದ ಹಿಂದಿನ ರಟ್ಟಿನ ಮೇಲೆ ‘ಧೈರ್ಯದ ಕಥೆ’ ಎಂದು ಹಾಕಿದ್ದಾರೆ. ಅದನ್ನು ಕಂಡಾಗಲೆಲ್ಲ ನನಗೆ ಒಂದು ಥರ ಸುಸ್ತಾಗುತ್ತದೆ.

ಎಲ್ಲಿಂದ ಹೊಳೆಯಿತು ಎಂದು ಕೇಳುತ್ತಾರೆ. ಹೊಳೆಯುವುದೇನು ಬಂತು ಮಾರಾಯರೆ, ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟಿನ ತುಂಡುಗಳಿಗೆ ಸೀಮೆಸುಣ್ಣದಲ್ಲಿ ನಂಬರು ಹಾಕುತ್ತಾ ಹಾಕುತ್ತಾ ಬಂದದ್ದು ಅದು.

ನನ್ನ ಊರು ಅಗಳಿಯ ಹತ್ತಿರ, ಕನ್ನಡ ಮಾತಾಡುವ ಆಂಧ್ರದ ಗಡಿಯಲ್ಲಿ. ಹತ್ತನೆಯವರೆಗೆ ಕನ್ನಡ ಮೀಡಿಯಂ ಇತ್ತು, ಓದಿದೆ. ಮುಂದೆ ಮಡಕಶಿರಾದ ಕಾಲೇಜಿನಲ್ಲಿ ಎಲ್ಲಾ ತೆಲುಗು, ಇಂಗ್ಲಿಷು. ಮಾತಿಗೆ ತೆಲುಗು ಸಲೀಸು, ಬಜಾರಿನಲ್ಲಿ ಜಗಳವನ್ನೂ ಆಡುತ್ತಿದ್ದೆ. ಆದರೆ ಪರೀಕ್ಷೆಯಲ್ಲಿ ಬರೆಯುವ ತೆಲುಗು ನನ್ನ ಕೈಗೆ ಹತ್ತಲಿಲ್ಲ. ಆರು ತಿಂಗಳು ಹೋದೆ, ಬಿಟ್ಟೆ. ರಾಯದುರ್ಗದಲ್ಲಿದ್ದ ದೊಡ್ಡಮ್ಮ ಬಂದು, ‘ಇಲ್ಲಿ ಕುಂತು ಏನು ಮಾಡ್ತಾಳೆ, ನನ್ ಜತೆ ಕಳ್ಸು’ ಎಂದು ನಮ್ಮಮ್ಮನಿಗೆ ಹೇಳಿ ಕರೆದುಕೊಂಡು ಹೋದಳು. ದೊಡ್ಡಮ್ಮ ಒಂದು ಯೂನಿಟ್ಟಿನಲ್ಲಿ ಜೇಬು ಹೊಲಿಯುತ್ತಿದ್ದಳು. ಯೂನಿಟ್ಟೆಂದರೆ ಉದ್ದನೆಯ ತಗಡಿನ ಮಾಡು, ಇಪ್ಪತ್ತು ಮೆಷಿನ್ನು, ಕೊನೆಯಲ್ಲಿ ಒಂದು ಕಟಿಂಗ್ ಟೇಬಲ್ಲು. ಹೊಲಿಗೆ ನನಗೆ ನೆಟ್ಟಗೆ ಬರುತ್ತಿರಲಿಲ್ಲ. ಅಕ್ಷರ ಅಂಕಿ ದುಂಡಗೆ ಬರೆಯುತ್ತೇನೆಂದು ನಂಬರು ಹಾಕುವ ಕೆಲಸಕ್ಕೆ ಕೂರಿಸಿದರು.

ಆ ಕೆಲಸವನ್ನು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಬಟ್ಟೆಯನ್ನು ಟೇಬಲ್ಲಿನ ಮೇಲೆ ಪದರ ಪದರವಾಗಿ ಹಾಸುತ್ತಾರೆ, ಎಂಬತ್ತು ಪದರ. ಕಟಿಂಗ್ ಮಾಸ್ಟರು ಮೆಷಿನ್ನಿನಲ್ಲಿ ಎಲ್ಲವನ್ನೂ ಒಟ್ಟಿಗೆ ಕೊಯ್ಯುತ್ತಾನೆ. ಮುಂಭಾಗದ ಅಟ್ಟಿ ಬೇರೆ, ಹಿಂಭಾಗದ ಅಟ್ಟಿ ಬೇರೆ, ಜೇಬಿನದು ಬೇರೆ. ಒಂದು ಪ್ಯಾಂಟಿಗೆ ಬೇಕಾದ ತುಂಡುಗಳೆಲ್ಲ ಒಂದೇ ಪದರದಿಂದ ಬಂದಿರಬೇಕು, ಏಕೆಂದರೆ ಒಂದು ತಾನಿನ, ಎಂದರೆ ಒಂದು ಸುರುಳಿ ಬಟ್ಟೆಯ, ನೀಲಿಗೂ ಇನ್ನೊಂದು ತಾನಿನ ನೀಲಿಗೂ ಚೂರು ವ್ಯತ್ಯಾಸ ಇರುತ್ತದೆ. ಹಾಗಾಗಿ ಪ್ರತಿ ಅಟ್ಟಿಗೂ ಮೇಲಿನಿಂದ ಕೆಳಕ್ಕೆ ಒಂದು, ಎರಡು, ಮೂರು ಎಂದು ಬರೆಯುತ್ತಾ ಹೋಗಬೇಕು. ಮೇಲಿನ ತುಂಡು ಯಾವುದೆಂದು ತಿಳಿಯಲಿ ಎಂದು ಮಾಸ್ಟರು ಅದರ ಮೂಲೆಯಲ್ಲಿ ಕೆಂಪು ಪೆನ್ಸಿಲ್ಲಿನಿಂದ ಒಂದು ಗೀಟು ಹಾಕಿರುತ್ತಿದ್ದ. ಆಮೇಲೆ ಒಂದೇ ನಂಬರಿನ ತುಂಡುಗಳನ್ನು ಒಟ್ಟು ಮಾಡಿ ಜೋಡಿ ಕಟ್ಟುವುದು ಇನ್ನೊಬ್ಬರ ಕೆಲಸ.

ಆ ಇನ್ನೊಬ್ಬರನ್ನು ನಾನು ಅಕ್ಕ ಎನ್ನುತ್ತಿದ್ದೆ. ಒಡಹುಟ್ಟಿದವಳಲ್ಲ. ರಾಯದುರ್ಗದ ಕಡೆಯ ಹೆಣ್ಣು, ನಮ್ಮ ಕಡೆ ಅಮರಾಪುರದ ಹತ್ತಿರದ ಹಳ್ಳಿಗೆ ಕೊಟ್ಟಿದ್ದರು. ಗಂಡ ಇನ್ನೊಬ್ಬಳನ್ನು ಮನೆಗೆ ತಂದ. ಅಕ್ಕ ಆ ದಿನವೇ ಹೊರಗೆ ಬಂದಳು. ಆದರೆ ಆರು ವರ್ಷದ ಮಗಳನ್ನು ಅತ್ತೆ ಬಿಡಲಿಲ್ಲ. ಎರಡೂ ಕಡೆಯ ಹಿರಿಯರು ಕೂತು ಮಾತಾಡಿದರು. ಈ ಯುಗಾದಿಯಿಂದ ಮುಂದಿನ ಯುಗಾದಿಯವರೆಗೆ ಒಂದೇ ಕಡೆ ಕೆಲಸ, ಒಂದೇ ಕಡೆ ಮನೆ ಮಾಡಿಕೊಂಡು ನೆಲೆ ನಿಂತು ತೋರಿಸಲಿ, ಕೆಲಸ ಕೊಟ್ಟವರು ಬಾಯಿಬಿಟ್ಟು ಹೌದೆನ್ನಲಿ, ಆಮೇಲೆ ಮಗು ತಾಯಿಯದು ಎಂದು ತೀರ್ಮಾನ ಮಾಡಿದರು. ಗಂಡನಿಗೆ ಮಾತ್ರ ಯಾವ ಷರತ್ತೂ ಇರಲಿಲ್ಲ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

‘ನಮ್ಮ ಕಡೆ ಸೊಸೆ ಆಗಿದ್ದೋಳು’ ಎಂದು ನಾನು ಅವಳಿಗೆ ಅಂಟಿಕೊಂಡೆ. ನನ್ನ ಮಾತು ಕೇಳಿದರೆ ಬಳ್ಳಾರಿ ಕಡೆಯ ಕನ್ನಡ ಆಡುವ ಯೂನಿಟ್ಟಿನವರೆಲ್ಲ ನಗುತ್ತಿದ್ದರು. ನಾನು ‘ಬತ್ತೀನಿ ಕಣಕ್ಕ’ ಎಂದರೆ, ಯಾರೋ ಆ ಮೂಲೆಯಿಂದ ‘ಬತ್ತೀನಿ ಕಣಕ್ಕ’ ಎಂದು ರಾಗ ಎಳೆಯುತ್ತಿದ್ದರು. ಅಕ್ಕ ಒಬ್ಬಳೇ, ‘ಸುಮ್ಮಕಿರ್ರಿ, ನನ್ ಮಗಳೂ ಹಿಂಗ ಮಾತಾಡ್ತೈತಿ’ ಎನ್ನುತ್ತಿದ್ದಳು.

ನಾನು ಎರಡು ತಿಂಗಳಿಗೊಮ್ಮೆ ಊರಿಗೆ ಹೋಗುವಾಗ ಅಕ್ಕ ಮಿಕ್ಕಿದ ಬಟ್ಟೆಯಲ್ಲಿ ಹೊಲಿದ ಫ್ರಾಕು, ಒಂದು ಪೊಟ್ಟಣ ಮಂಡಾಳು, ನಮ್ಮ ಕಡೆಯ ಪುರಿ, ಕೊಟ್ಟು ಕಳಿಸುತ್ತಿದ್ದಳು. ಅಮರಾಪುರದಲ್ಲಿ ಬಸ್ಸಿಳಿದು, ಆಟೋ ಹತ್ತಿ, ಆ ಹಳ್ಳಿಗೆ ಹೋಗಿ ಕೊಟ್ಟು ಬರುತ್ತಿದ್ದೆ. ಮಗುವಿನ ಅಜ್ಜಿ ಒಳಗೆ ಕರೆಯುತ್ತಿರಲಿಲ್ಲ. ಮಗು ಮಾತ್ರ ಬಾಗಿಲಿಗೆ ಓಡಿಬಂದು ಫ್ರಾಕನ್ನು ಮೂಗಿಗೆ ಹಿಡಿದುಕೊಂಡು ನಿಲ್ಲುತ್ತಿತ್ತು. ಒಂದು ಸಲ ಕೇಳಿತು:

‘ಅಮ್ಮ ಯಾವಾಗ ಬತ್ತಾಳೆ?’

‘ಉಗಾದಿಗೆ ಬಂದು ಕರ್ಕೊಂಡೋಗ್ತಾಳೆ ಕಣವ್ವ’ ಎಂದೆ. ಯಾರೂ ನನಗೆ ಹೇಳು ಎಂದಿರಲಿಲ್ಲ, ನಾನಾಗಿಯೇ ಹೇಳಿದೆ.

ಕಥೆ ಶುರುವಾದದ್ದು ಊಟದ ಹೊತ್ತಿನಲ್ಲಿ. ಮೆಷಿನ್ನುಗಳು ನಿಂತಾಗ ಕಿವಿಯಲ್ಲಿ ಇನ್ನೂ ಗುಂಯ್ ಎನ್ನುತ್ತಿರುತ್ತಿತ್ತು. ಬುತ್ತಿ ಬಿಚ್ಚಿ ಕೂತು ಎಲ್ಲರೂ ಅದೇ ಅತ್ತೆ, ಅದೇ ಗಂಡ, ಅದೇ ಬೆನ್ನುನೋವು. ಒಂದು ದಿನ ಕೈಗೆ ಹತ್ತಿದ ಬಣ್ಣ ನೋಡಿಕೊಳ್ಳುತ್ತಾ ನಾನು, ‘ಒಂದೂರಲ್ಲಿ ಎಲ್ಲರ ಮೈಯೂ ನೀಲಿ’ ಎಂದೆ. ‘ಯಾಕ?’ ಎಂದಳು ಅಕ್ಕ. ಯಾಕೆ ಎಂದು ನನಗೂ ಗೊತ್ತಿರಲಿಲ್ಲ. ಅವಳು ಕೇಳಿದಳೆಂದು ಬಾವಿ ಹುಟ್ಟಿತು, ಬಾವಿ ಹುಟ್ಟಿತೆಂದು ಕೋಟೆ ಹುಟ್ಟಿತು. ವಾರ ಕಳೆಯುವುದರೊಳಗೆ ಏಳೆಂಟು ಜನ ಹೆಂಗಸರು ಸುತ್ತ ಕೂರತೊಡಗಿದರು. ನನಗೆ ‘ಕಥಿ ಹುಡುಗಿ’ ಎಂದು ಹೆಸರಾಯಿತು. ಹಾಳಾದ್ದು, ಎಷ್ಟು ಖುಷಿಯಾಗಿತ್ತು ಎಂದರೆ, ಬೆಳಿಗ್ಗೆ ಎದ್ದರೆ ಮಧ್ಯಾಹ್ನ ಏನು ಹೇಳಲಿ ಎನ್ನುವುದೇ ಧ್ಯಾನ. ನಂಬರು ಹಾಕುವ ಕೈ ತಾನೇ ಓಡುತ್ತಿತ್ತು, ತಲೆ ಬಾವಿಯಲ್ಲಿರುತ್ತಿತ್ತು. ನೆನಪು ಹೋಗದಿರಲಿ ಎಂದು ಬೇಡವಾದ ಬಂಡಲು ಚೀಟಿಗಳ ಹಿಂದೆ ಬರೆದಿಟ್ಟುಕೊಳ್ಳುತ್ತಿದ್ದೆ.

ಎಲ್ಲರಿಗಿಂತ ಆಸೆಯಿಂದ ಕೇಳುತ್ತಿದ್ದವಳು ಅಕ್ಕನೇ. ಹುಡುಗಿ ಅತ್ತರೆ ಬೈಯುತ್ತಿದ್ದಳು. ‘ಅಳಸಬ್ಯಾಡ ಆಕಿನ್ನ. ಅತ್ರ ಯಾರ್ ಕೇಳ್ತಾರ’ ಎನ್ನುತ್ತಿದ್ದಳು.

ಸಂಕ್ರಾಂತಿ ಕಳೆದು ಸ್ವಲ್ಪ ದಿನವಾಗಿತ್ತು. ಯುಗಾದಿಗೆ ಎರಡು ತಿಂಗಳೂ ಇರಲಿಲ್ಲ. ಅಕ್ಕ ಗೋಡೆಯ ಮೇಲೆ ಸೀಮೆಸುಣ್ಣದ ಗೀಟು ಹಾಕಿ ವಾರ ಎಣಿಸುತ್ತಿದ್ದಳು. ಆ ದಿನ ಮಧ್ಯಾಹ್ನ ನನ್ನ ಹುಡುಗಿ ಬಾವಿಗೆ ಇಳಿಯಬೇಕಿತ್ತು. ಹಿಂದಿನ ದಿನ ಅಂಚಿನಲ್ಲಿ ನಿಲ್ಲಿಸಿ ಕಥೆ ನಿಲ್ಲಿಸಿದ್ದೆ. ಬೆಳಗಿನಿಂದ ಹೆಂಗಸರು ಹೋಗುತ್ತಾ ಬರುತ್ತಾ ‘ಇಳದ್ಲೇನು?’ ಎಂದು ಕೇಳುತ್ತಿದ್ದರು. ನಾನು ಹಿಂಭಾಗದ ಅಟ್ಟಿಗೆ ನಂಬರು ಹಾಕುತ್ತಿದ್ದೆ. ಎಪ್ಪತ್ತೆಂಟು, ಎಪ್ಪತ್ತೊಂಬತ್ತು, ಎಂಬತ್ತು. ಕೊನೆಯ ತುಂಡನ್ನು ಎತ್ತಿದರೆ ಅದರ ಮೂಲೆಯಲ್ಲಿ ಮಾಸ್ಟರಿನ ಕೆಂಪು ಗೀಟು.

ಗೀಟು ಇರಬೇಕಾದದ್ದು ಒಂದನೆಯ ತುಂಡಿನ ಮೇಲೆ. ಅಟ್ಟಿಯನ್ನು ಟೇಬಲ್ಲಿನಿಂದ ತರುವಾಗ ಬುಡಮೇಲು ಮಾಡಿದ್ದೆ, ಹಾಕಿದ ನಂಬರೆಲ್ಲ ತಿರುವುಮುರುವು. ಒಂದನೆಯ ಪದರದ ಮುಂಭಾಗಕ್ಕೆ ಎಂಬತ್ತನೆಯ ಪದರದ ಹಿಂಭಾಗ ಹೋಗಿ ಸೇರುತ್ತದೆ.

ನನಗೆ ಗೊತ್ತಾಯಿತು. ಇದನ್ನು ನಾನು ಎಷ್ಟೋ ವರ್ಷ ‘ಗೊತ್ತಾಗಿರಲಿಲ್ಲ’ ಎಂದು ನನಗೇ ಹೇಳಿಕೊಂಡಿದ್ದೇನೆ. ಸುಳ್ಳು. ಕೆಂಪು ಗೀಟನ್ನು ಕಣ್ಣಾರೆ ನೋಡಿದೆ. ಎಲ್ಲವನ್ನೂ ಉಜ್ಜಿ ಅಳಿಸಿ ಮತ್ತೆ ಬರೆಯಬೇಕೆಂದರೆ ಊಟದ ಹೊತ್ತು ಪೂರ್ತಿ ಹೋಗುತ್ತಿತ್ತು. ಅಷ್ಟರಲ್ಲಿ ಮೆಷಿನ್ನುಗಳು ನಿಂತವು, ಬುತ್ತಿಗಳು ಬಿಚ್ಚಿಕೊಂಡವು, ‘ಏ ಕಥಿ ಹುಡುಗೀ, ಬಾರ’ ಎಂದು ಅಕ್ಕನೇ ಕೂಗಿದಳು. ಎಲ್ಲಾ ಒಂದೇ ನೀಲಿ, ಯಾರು ನೋಡುತ್ತಾರೆ ಎಂದುಕೊಂಡೆ. ಅಟ್ಟಿಯನ್ನು ಅಕ್ಕನ ಮಣೆಯ ಹತ್ತಿರ ಇಟ್ಟು, ಹೋಗಿ ಕೂತು, ಹುಡುಗಿಯನ್ನು ಬಾವಿಗೆ ಇಳಿಸಿದೆ. ಅಷ್ಟು ಚೆನ್ನಾಗಿ ನಾನು ಎಂದೂ ಹೇಳಿರಲಿಲ್ಲ. ಇಬ್ಬರು ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಹೊಸ ಜೀನ್ಸ್ ಬಟ್ಟೆ ಕರ್ರಗೆ ಒಂದೇ ಥರ ಕಾಣುತ್ತದೆ. ಅದರ ನಿಜವಾದ ಬಣ್ಣ ಕಾಣುವುದು ಹೊಲಿದಾದ ಮೇಲೆ, ಬಳ್ಳಾರಿಗೆ ವಾಷಿಂಗಿಗೆ ಹೋಗಿ ಬಂದಾಗ. ಎರಡು ವಾರದ ನಂತರ ಆ ಪ್ಯಾಂಟುಗಳು ಬಂದವು. ಮೂಟೆ ಬಿಚ್ಚಿದ ಓನರಿನ ತಮ್ಮ ಒಂದನ್ನು ಎತ್ತಿ ಹಿಡಿದ. ಮುಂದೆ ಆಕಾಶದ ನೀಲಿ, ಹಿಂದೆ ಬೂದಿ ಹಿಡಿದ ನೀಲಿ. ಇನ್ನೊಂದನ್ನು ಎತ್ತಿದ, ಅದೂ ಹಾಗೆಯೇ. ಒಂದೊಂದಾಗಿ ನೆಲಕ್ಕೆ ಎಸೆಯುತ್ತಾ ಹೋದ. ಸೀಮೆಸುಣ್ಣದ ನಂಬರುಗಳೆಲ್ಲ ತೊಳೆದು ಹೋಗಿದ್ದವು. ನನ್ನ ಕೈಬರಹದ ಗುರುತು ಎಲ್ಲೂ ಇರಲಿಲ್ಲ.

‘ಎವರು ಜತ ಕಟ್ಟಿಂದಿ?’ ಎಂದು ತೆಲುಗಿನಲ್ಲಿ ಕೂಗಿದ. ಜೋಡಿ ಕಟ್ಟಿದ್ದು ಯಾರು.

ಅಕ್ಕ ಎದ್ದು ನಿಂತಳು. ‘ಜೋಡಿ ಕಟ್ಟಿದಾಕಿ ನಾನ ರೀ’ ಎಂದಳು. ಒಂದು ಪ್ಯಾಂಟನ್ನು ಎತ್ತಿ ಮುಂದೆ ನೋಡಿದಳು, ಹಿಂದೆ ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಅವಳಿಗೆ ತನ್ನ ಮೇಲೆಯೇ ಅನುಮಾನ ಬಂದಿತ್ತು. ‘ನಂಬರ್ ನೋಡೇ ಕಟ್ಟೀನ್ರಿ… ಹೆಂಗಾತೋ ಗೊತ್ತಾಗವಲ್ದು’ ಎಂದಳು.

ಮಾಸ್ಟರು ನನ್ನ ಕಡೆ ತಿರುಗಿದ. ‘ನಂಬರ್ ಸರಿಯಾಗಿ ಹಾಕಿದ್ಯೇನಮ್ಮಾ?’

ನಾನು ‘ಹೂಂ’ ಎಂದೆ.

ಇಷ್ಟೇ. ಒಂದು ಹೂಂ. ಏನು ಹೆದರಿಕೆ ಎಂದು ಈಗ ಕೇಳಿದರೆ ಹೇಳಲು ನಾಚಿಕೆಯಾಗುತ್ತದೆ. ಊರಿಗೆ ಕಳಿಸುತ್ತಾರೆ, ದೊಡ್ಡಮ್ಮನ ಮಾನ ಹೋಗುತ್ತದೆ, ಮಧ್ಯಾಹ್ನ ಸುತ್ತ ಕೂರುವ ಹೆಂಗಸರು ಇನ್ನು ನನ್ನ ಮುಖ ನೋಡುವುದಿಲ್ಲ. ಹದಿನೇಳು ವರ್ಷದವಳಿಗೆ ಅದು ಬೆಟ್ಟದಷ್ಟಿತ್ತು. ಅಕ್ಕನ ಮಗಳ ಮಾತು ಅದಕ್ಕಿಂತ ದೊಡ್ಡದು ಎನ್ನುವುದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೂಂ ಎಂದೆ.

ಅವಳನ್ನು ಆ ಸಂಜೆಯೇ ಕೆಲಸದಿಂದ ಬಿಡಿಸಿದರು. ರಾಯದುರ್ಗ ಎಷ್ಟು ದೊಡ್ಡದು ಹೇಳಿ? ಮೂಟೆ ಮೂಟೆ ಹಾಳು ಮಾಡಿದವಳು ಎಂದು ಎರಡು ದಿನದಲ್ಲಿ ಎಲ್ಲಾ ಯೂನಿಟ್ಟುಗಳಿಗೂ ಸುದ್ದಿ ಹೋಯಿತು, ಯಾರೂ ತೆಗೆದುಕೊಳ್ಳಲಿಲ್ಲ. ಯುಗಾದಿಗೆ ಮುಂಚೆ ಅಮರಾಪುರದ ಕಡೆಯ ಇಬ್ಬರು ಹಿರಿಯರು ಬಂದು ಓನರನ್ನು ವಿಚಾರಿಸಿದರು. ‘ಈಗ ನಮ್ಮ ಹತ್ತಿರ ಇಲ್ಲ’ ಎಂದ. ಅದು ನಿಜವೇ ಆಗಿತ್ತು. ಅವರು ಚಹಾ ಕುಡಿದು ಹೋದರು. ಮಗು ಅಜ್ಜಿಯ ಮನೆಯಲ್ಲೇ ಉಳಿಯಿತು. ಅಕ್ಕ ಬೆಂಗಳೂರಿಗೆ ಗಾರ್ಮೆಂಟ್ಸಿಗೆ ಹೋದಳೆಂದು ಯಾರೋ ಹೇಳಿದರು. ಆಮೇಲೆ ನಾನು ಊರಿಗೆ ಹೋದಾಗ ಅಮರಾಪುರದಲ್ಲಿ ಬಸ್ಸಿನ ಕಿಟಕಿಯ ಪರದೆ ಎಳೆದುಕೊಂಡು ಕೂರುತ್ತಿದ್ದೆ.

ಆ ಬೇಸಿಗೆಯಲ್ಲಿ ನಾನು ಕಾವಲುಗಾರನ ಅಧ್ಯಾಯ ಬರೆದೆ. ಎರಡು ಬೆರಳಿನದು. ಬರೆಯುತ್ತಾ ಅತ್ತೆ, ಬರೆದಾದ ಮೇಲೆ ಹಗುರಾಯಿತು, ಚೆನ್ನಾಗಿ ನಿದ್ದೆಯೂ ಬಂತು. ಎಂಥಾ ನಾಚಿಕೆಗೆಟ್ಟ ಹಗುರ ಅದು! ಕಾಗದದ ಹುಡುಗಿಯ ಬೆರಳು ಕತ್ತರಿಸಿ ನನ್ನ ತಪ್ಪಿಗೆ ಶಿಕ್ಷೆಯಾಯಿತು ಎಂದುಕೊಂಡೆ.

ವರ್ಷಗಳು ಹೋದವು. ಮದುವೆಯಾಗಿ ಮಡಕಶಿರಾಕ್ಕೆ ಬಂದೆ, ಮನೆಯಲ್ಲೇ ರವಿಕೆ ಹೊಲಿಯುತ್ತೇನೆ. ಚೀಟಿಗಳಲ್ಲಿದ್ದದ್ದನ್ನು ನೋಟುಬುಕ್ಕಿಗೆ ಇಳಿಸಿದೆ, ಪರಿಚಯದ ಮೇಷ್ಟ್ರೊಬ್ಬರು ನೋಡಿ ಪ್ರಕಾಶಕರಿಗೆ ಕಳಿಸಿಕೊಟ್ಟರು, ಪುಸ್ತಕವಾಯಿತು. ಶಾಲೆಗಳಿಗೆ ಕರೆಯತೊಡಗಿದರು. ಹೋಗಿ ಅದೇ ಬಾವಿ, ಅದೇ ಕೋಟೆ ಹೇಳಿ ಬರುತ್ತಿದ್ದೆ. ಹೋದ ವರ್ಷ ಒಂದು ಶಾಲೆಯಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು, ‘ನೀವಾಗಿದ್ರೆ ಬೆರಳು ಕೊಡ್ತಿದ್ರಾ ಮಿಸ್?’ ಎಂದು ಕೇಳಿದಳು. ಮಕ್ಕಳೆಲ್ಲ ನನ್ನ ಬಾಯಿ ನೋಡುತ್ತಿದ್ದರು. ‘ಹೂಂ’ ಎಂದೆ. ಬಾಯಿಂದ ಬಿದ್ದ ಕೂಡಲೇ ಆ ಶಬ್ದ ನನಗೆ ಗುರುತು ಸಿಕ್ಕಿತು. ಮನೆಗೆ ಬಂದು ಮೂರು ದಿನ ಮೆಷಿನ್ನು ತುಳಿಯಲಿಕ್ಕಾಗಲಿಲ್ಲ.

ದೊಡ್ಡಮ್ಮನನ್ನು ಕೇಳಿ, ಅವಳು ಇನ್ನೊಬ್ಬರನ್ನು ಕೇಳಿ, ಅಕ್ಕ ಬೆಂಗಳೂರಿಂದ ತಿರುಗಿ ಬಂದಿದ್ದಾಳೆ, ಭೈರವಾನಿತಿಪ್ಪದ ಡ್ಯಾಮಿನ ಈಚೆ ತಮ್ಮನ ಮನೆಯ ಪಕ್ಕ ಒಂದು ಕೋಣೆಯಲ್ಲಿ ಇದ್ದಾಳೆ ಎಂದು ತಿಳಿಯಿತು. ಒಂದು ಭಾನುವಾರ ಹೊರಟೆ. ಬಸ್ಸಿನಲ್ಲಿ ಹೇಳಬೇಕಾದ ಮಾತನ್ನು ಹತ್ತು ಥರ ಹೊಂದಿಸಿಕೊಂಡೆ. ಕಥೆಗಾರ್ತಿಯಲ್ಲವೇ, ಎಲ್ಲದಕ್ಕೂ ಅಲಂಕಾರ ಬೇಕು.

ಅಕ್ಕ ಬಾಗಿಲ ಮುಂದೆ ಕೂತು ಬಿತ್ತನೆಗೆ ಶೇಂಗಾ ಒಡೆಯುತ್ತಿದ್ದಳು. ಕೂದಲು ಮುಕ್ಕಾಲು ಬೆಳ್ಳಗಾಗಿತ್ತು. ಹುಬ್ಬಿನ ಮೇಲೆ ಕೈಯಿಟ್ಟು ನೋಡಿ, ‘ಏ, ಕಥಿ ಹುಡುಗಿ ಅಲ್ಲೇನ ನೀ!’ ಎಂದು ಎದ್ದೇಬಿಟ್ಟಳು. ಕೈ ಹಿಡಿದು ಕೂರಿಸಿದಳು, ಚಹಾ ಮಾಡಿದಳು, ಮಕ್ಕಳೆಷ್ಟು ಕೇಳಿದಳು. ಹೊಂದಿಸಿಕೊಂಡಿದ್ದ ಮಾತುಗಳೆಲ್ಲ ಹೋದವು. ಲೋಟ ಕೆಳಗಿಟ್ಟು ಹೇಳಿದೆ:

‘ಅಕ್ಕ, ಆವತ್ತು ನಂಬರು ತಪ್ಪಾಗಿ ಹಾಕಿದ್ದು ನಾನು. ಅಟ್ಟಿ ಬುಡಮೇಲಾಗಿತ್ತು. ಮಾಸ್ಟರ ಗೀಟು ನೋಡ್ದೆ, ಗೊತ್ತಾಯ್ತು. ಗೊತ್ತಿದ್ರೂ ನಿನ್ನ ಮುಂದೆ ತಂದಿಟ್ಟೆ. ಕೇಳ್ದಾಗ ಸುಳ್ಳು ಹೇಳ್ದೆ.’

ಅಕ್ಕ ಕೈಯಲ್ಲಿದ್ದ ಕಾಯಿಯನ್ನು ಒಡೆದಳು. ಬೀಜವನ್ನು ಮೊರಕ್ಕೆ ಹಾಕಿದಳು. ಇನ್ನೊಂದು ಕಾಯಿ ತೆಗೆದುಕೊಂಡು ಹಾಗೆಯೇ ಹಿಡಿದುಕೊಂಡಳು.

‘ನನ್ ಕಣ್ಣು ಹೋದುವು ಅಂದ್ಕಂಡಿದ್ನೆಲ್ಲೇ’ ಎಂದಳು. ‘ಒಂದಕ್ಕ ಏಳು ಕಾಣ್ತೈತೇನೋ, ಮೂರಕ್ಕ ಎಂಟು ಕಾಣ್ತೈತೇನೋ ಅಂತ. ಬೆಂಗಳೂರಾಗ ಮೆಷಿನ್ ಮ್ಯಾಲ ಕುಂದ್ರು ಅಂದ್ರು, ಜೀವ ಹೆದರಿ ಒಲ್ಲೆ ಅಂದೆ. ಅಷ್ಟು ವರ್ಷ ನೆಲ ಗುಡಿಸಿ, ದಾರ ಕತ್ತರಿಸಿ ಬಂದೆ. ಸೂಜ್ಯಾಗ ದಾರ ಪೋಣಿಸಾಕ ಸೈತ ಬ್ಯಾರೇರ ಕೈಗೆ ಕೊಡ್ತಿದ್ದೆ.’

‘ತಪ್ಪಾಯ್ತಕ್ಕ’ ಎಂದೆ. ಅಳು ಬಂದಿತ್ತು.

‘ಅಳಬ್ಯಾಡ!’ ಎಂದು ಗದರಿದಳು. ಅಂಥ ದನಿಯನ್ನು ನಾನು ಅವಳ ಬಾಯಲ್ಲಿ ಕೇಳಿರಲಿಲ್ಲ. ‘ನಿನ್ ಅಳು ಕಟಗಂಡು ನಾ ಏನ್ ಮಾಡ್ಲಿ? ನೀ ಹಗುರಾಗಾಕ ಬಂದೀ. ನನ್ ಮಗಳಿಗೆ ನಾ ಏನ್ ಹೇಳೀನಿ ಗೊತ್ತೈತೇನು ನಿನಗ? ನನ್ ತಪ್ಪಿಂದ ನಿನ್ನ ಕರಕಳ್ಳಾಕ ಆಗ್ಲಿಲ್ಲವ್ವಾ ಅಂತ ಹೇಳೀನಿ. ದೊಡ್ಡಾಕಿ ಆದ ಮ್ಯಾಲ ಕೇಳಿದ್ಲು, ನನ್ ಸಲುವಾಗಿ ಎರಡು ತಿಂಗಳು ನೆಟ್ಟಗ ನೋಡಿ ಕಟ್ಟಾಕ ಆಗ್ಲಿಲ್ಲೇನು ಅಂತ. ಏನ್ ಹೇಳ್ಲಿ? ಆಗ್ಲಿಲ್ಲವ್ವಾ ಅಂದೆ. ಆವತ್ತಿಂದ ಆಕಿ ನನ್ ಕೂಡ ಮಾತು ಅಷ್ಟಕ್ಕಷ್ಟ.’

ಆಮೇಲೆ ಅಕ್ಕ ಒಳಗೆ ಹೋಗಿ ಫೋನು ತಂದಳು. ಮಗಳೂ ಈಗ ಬೆಂಗಳೂರಿನ ಗಾರ್ಮೆಂಟ್ಸಿನಲ್ಲೇ ಇದ್ದಾಳೆ, ಭಾನುವಾರ ರೂಮಿನಲ್ಲಿರುತ್ತಾಳೆ ಎಂದಳು. ಬೆರಳಿನಿಂದ ನಂಬರು ಒತ್ತಿ ನನ್ನ ಕೈಗೆ ಕೊಟ್ಟಳು.

‘ನನಗ ಹೇಳಿದೆಲ್ಲ, ಹಂಗ ಆಕಿಗೆ ಹೇಳು. ಕಥಿ ಮಾಡಬ್ಯಾಡ.’

ಆ ಕಡೆಯಿಂದ ‘ಹಲೋ, ಏನು ಹೇಳಿ’ ಎಂದು ನಮ್ಮ ಕಡೆಯ ಮಾತು ಕೇಳಿಸಿತು. ನಾನು ಯಾರೆಂದು ಹೇಳಿದೆ. ಅಟ್ಟಿ ತಿರುವಿದ್ದು ಹೇಳಿದೆ, ಗೀಟು ಕಂಡದ್ದು ಹೇಳಿದೆ, ಹೂಂ ಎಂದದ್ದು ಹೇಳಿದೆ. ನಿಮ್ಮಮ್ಮನ ಜೋಡಿ ಒಂದೂ ತಪ್ಪಿರಲಿಲ್ಲ, ನಾನು ಹಾಕಿದ ನಂಬರನ್ನು ನಂಬಿ ಸರಿಯಾಗಿಯೇ ಕಟ್ಟಿದ್ದಳು ಎಂದೆ. ಹೇಳುತ್ತಾ ಹೋದರೆ ಎರಡು ನಿಮಿಷದ ಮಾತು ಅದು.

‘ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ನೀವು?’ ಎಂದಳು ಮಗಳು.

‘ಹೆದ್ರಿಕೆ ಆಗಿತ್ತಮ್ಮ.’

‘ನಂಗೆ ಆರು ವರ್ಷ ಆವಾಗ. ನಂಗೂ ಹೆದ್ರಿಕೆ ಆಗ್ತಿತ್ತು’ ಎಂದಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ‘ಅಮ್ಮುಂಗೆ ಫೋನ್ ಕೊಡಿ.’

ಕೊಟ್ಟೆ. ಅಕ್ಕ ಎರಡು ಕೈಯಲ್ಲೂ ಫೋನನ್ನು ಹಿಡಿದು ಕಿವಿಗೆ ಒತ್ತಿಕೊಂಡಳು. ಮಗಳು ಏನೋ ಕೇಳುತ್ತಿದ್ದಳು, ನನಗೆ ಕೇಳಿಸಲಿಲ್ಲ.

‘ಹೂಂನವ್ವಾ’ ಎಂದಳು. ‘ಹೂಂ… ನಾನಲ್ಲಂತ. ಕೇಳಿದೆಲ್ಲಾ? ನಾನಲ್ಲಂತವ್ವಾ.’